ಕರೆಂಟು ಹೋದ ಐದು ದಿನ

(ಹಳ್ಳಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕೆಲಸ ಮುಗಿಸಿ, ದನ ಕಟ್ಟಿ, ಅಡುಗೆ ಮಾಡಿಟ್ಟು ಬಂದಿದ್ದೀರಿ. ಕೆಲವರು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ಕೂತಿದ್ದೀರಿ. ನಿಮ್ಮ ಹೊತ್ತು ನಾವು ಹೆಚ್ಚು ತೆಗೆದುಕೊಳ್ಳುವುದಿಲ್ಲ.

ಈವತ್ತು ಕರೆಂಟಿನ ಮಾತು ಆಡೋಣ. ಕರೆಂಟು, ಅದರ ಜೊತೆಗೇ ಫೋನು.

"ಅದು ಲೈನ್‌ಮನ್ ಕೆಲಸ, ನಮಗ್ಯಾಕೆ?" ಅಂತ ಒಬ್ಬರು ಆಗಲೇ ಪಿಸುಗುಟ್ಟಿದರು. ನಮಗೆ ಕೇಳಿಸಿತು! ಹಾಗಾದರೆ ಒಂದು ಪ್ರಶ್ನೆ. ಕರೆಂಟು ಹೋದರೆ ಮನೆಯಲ್ಲಿ ಮೊದಲು ಓಡಾಡುವವರು ಯಾರು? ಕತ್ತಲಲ್ಲಿ ಬೆಂಕಿಪೊಟ್ಟಣ ತಡಕಾಡುವವರು ಯಾರು? ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹೊರುವವರು ಯಾರು? ಉತ್ತರ ನೀವೇ ಹೇಳಿ.

ನಾವು ಕಂಡ ಒಂದು ಊರಿನ ಸಂಗತಿ ಹೇಳುತ್ತೇವೆ.

ಆ ಊರು ಗುಡ್ಡದ ಬದಿಗಿದೆ. ಅರವತ್ತು ಎಪ್ಪತ್ತು ಮನೆ. ಮಳೆಗಾಲದಲ್ಲಿ ಒಂದು ಸಂಜೆ ಜೋರು ಗಾಳಿ ಬೀಸಿತು. ದೊಡ್ಡ ಮರ ಒಂದು ತಂತಿಯ ಮೇಲೆ ಬಿತ್ತು. ಮೂರು ಕಂಬ ಮುರಿದವು. ಕರೆಂಟು ಹೋಯ್ತು. ಮತ್ತೆ ಬಂದದ್ದು ಐದು ದಿನ ಕಳೆದ ಮೇಲೆ.

ಮೊದಲನೇ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರೆಂಟು ಹೋಗೋದು, ಬರೋದು, ಇದ್ದದ್ದೇ ಅಲ್ವೇ?

ಎರಡನೇ ದಿನ ಬೆಳಿಗ್ಗೆ ನೀರಿನ ಟ್ಯಾಂಕು ಬರಿದಾಯಿತು. ಟ್ಯಾಂಕಿಗೆ ನೀರು ಏರಿಸುವುದು ಮೋಟಾರು. ಮೋಟಾರಿಗೆ ಕರೆಂಟು ಬೇಕು. ಊರ ನಡುವೆ ಹಳೆಯ ಕೈಪಂಪು ಒಂದಿತ್ತು. ನಲ್ಲಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹಿಡಿಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಬ್ಬರು ಜೋತುಬಿದ್ದರೂ ಅಲುಗಲಿಲ್ಲ. ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ನಡೆದರು. ಹಳ್ಳದ ನೀರು ಮಳೆಗೆ ಕೆಂಪಾಗಿತ್ತು. ಅದನ್ನೇ ಸೋಸಿ, ಕಾಯಿಸಿ ಕುಡಿದರು.

ಎರಡನೇ ದಿನವೇ ಫೋನುಗಳೂ ಸತ್ತವು. ಚಾರ್ಜ್ ಇದ್ದ ಫೋನಿಗೂ ಸಿಗ್ನಲ್ ಇರಲಿಲ್ಲ. "ಫೋನಿನಲ್ಲಿ ಚಾರ್ಜ್ ಇದೆ, ಆದರೂ ಯಾಕೆ ಹೋಗ್ತಿಲ್ಲ?" ಎಂದು ಎಲ್ಲರೂ ಕೇಳಿದರು. ಇದಕ್ಕೆ ಉತ್ತರ ಆಮೇಲೆ ಹೇಳುತ್ತೇವೆ.

ಮೂರನೇ ದಿನ ಬದುವಿನ ಹತ್ತಿರ ಒಂದು ಎಮ್ಮೆ ಸತ್ತುಬಿತ್ತು. ಕಡಿದು ಬಿದ್ದ ತಂತಿಯ ಒಂದು ತುಂಡಿನಲ್ಲಿ ಕರೆಂಟು ಇತ್ತು. ಊರಿಗೆ ಬೆಳಕಿಲ್ಲ, ಆದರೆ ಗದ್ದೆಯಲ್ಲಿ ಬಿದ್ದ ತಂತಿಯಲ್ಲಿ ಜೀವ ಇದೆ! ಹೇಗೆ? ಸಬ್‌ಸ್ಟೇಷನ್ ಕಡೆಯ ತುಂಡು ಅದು. ಅಲ್ಲಿಂದ ಲೈನಿಗೆ ಮತ್ತೆ ಕರೆಂಟು ಬಿಟ್ಟಿದ್ದರು. ಆ ಎಮ್ಮೆ ಒಬ್ಬ ಒಂಟಿ ಹೆಂಗಸಿನದು. ಹಾಲು ಮಾರಿ ಮಗಳನ್ನು ಓದಿಸುತ್ತಿದ್ದಳು.

ಅದೇ ರಾತ್ರಿ ಒಬ್ಬ ಬಸುರಿಗೆ ನೋವು ಶುರುವಾಯಿತು. 108ಕ್ಕೆ ಫೋನು ಮಾಡಬೇಕು. ಯಾವ ಫೋನಿನಿಂದ? ಆಶಾ ಕಾರ್ಯಕರ್ತೆ ತಾನೇ ಒಬ್ಬ ಹುಡುಗನ ಬೈಕ್ ಹತ್ತಿದಳು. ಗುಡ್ಡ ಇಳಿದು, ಸಿಗ್ನಲ್ ಸಿಗುವ ಜಾಗದವರೆಗೆ ಹೋಗಿ ಫೋನು ಮಾಡಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ನಸುಕಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ರಾತ್ರಿ ಆ ಮನೆಯ ಜಗಲಿಯಲ್ಲಿ ಕೂತಿದ್ದ ಯಾರೂ ಅದನ್ನು ಮರೆತಿಲ್ಲ. ನಾವೂ ಮರೆತಿಲ್ಲ.

ಈಗ ಯೋಚನೆ ಮಾಡಿ. ಬಿದ್ದದ್ದು ಒಂದು ಮರ. ಹೋದದ್ದು ಏನೇನು? ಬೆಳಕು, ನೀರು, ಫೋನು, ಹಿಟ್ಟಿನ ಗಿರಣಿ, ಆಸ್ಪತ್ರೆಯ ದಾರಿ. ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೆವು. ಗೂಟ ಕಿತ್ತುಬಂತು.

ಕರೆಂಟು ನಮ್ಮ ಮನೆಗೆ ಎಲ್ಲಿಂದ ಬರುತ್ತೆ, ನೋಡೋಣ.

ಶರಾವತಿಯಲ್ಲಿ ನೀರಿನಿಂದ ಕರೆಂಟು ಮಾಡುತ್ತಾರೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡುತ್ತಾರೆ. ಕೈಗಾದಲ್ಲಿ ಅಣುಶಕ್ತಿಯಿಂದ. ಚಿತ್ರದುರ್ಗ, ಗದಗದ ಕಡೆ ಗಾಳಿಯಿಂದ. ಪಾವಗಡದಲ್ಲಿ ಬಿಸಿಲಿನಿಂದ. ಈ ಎಲ್ಲ ಕರೆಂಟೂ ದೊಡ್ಡ ದೊಡ್ಡ ಕಬ್ಬಿಣದ ಟವರುಗಳ ಮೇಲಿನ ತಂತಿಯಲ್ಲಿ ಹರಿಯುತ್ತದೆ. ಆ ತಂತಿಗಳು ಒಂದಕ್ಕೊಂದು ಸೇರಿವೆ. ಮೀನಿನ ಬಲೆ ನೋಡಿದ್ದೀರಲ್ಲ, ಹಾಗೆ. ಬಲೆಯ ಒಂದು ದಾರ ಹರಿದರೆ ಬಲೆ ಹರಿದುಹೋಗುವುದಿಲ್ಲ. ಪಕ್ಕದ ದಾರ ಭಾರ ಹಿಡಿದುಕೊಳ್ಳುತ್ತದೆ. ಒಂದು ದಾರಿ ಮುಚ್ಚಿದರೆ ಕರೆಂಟು ಇನ್ನೊಂದು ದಾರಿಯಿಂದ ಬರುತ್ತದೆ.

ಸಬ್‌ಸ್ಟೇಷನ್ ತನಕ ಹೀಗೆ. ಆಮೇಲೆ ನೋಡಿ. ಸಬ್‌ಸ್ಟೇಷನ್‌ನಿಂದ ನಮ್ಮ ಹಳ್ಳಿಗಳ ಕಡೆ 11 ಸಾವಿರ ವೋಲ್ಟಿನ ಲೈನು ಹೊರಡುತ್ತದೆ. ಫೀಡರ್ ಅಂತಾರೆ. ಅದು ಕಾಡು, ಹೊಲ, ತೋಟ ದಾಟಿ ಒಂದೊಂದೇ ಊರಿಗೆ ಬರುತ್ತದೆ. ಊರಿನ ಟಿಸಿಗೆ ಬಂದು, ಅಲ್ಲಿ ವೋಲ್ಟ್ ಇಳಿದು, ನಮ್ಮ ಮನೆಗೆ ಬರುತ್ತದೆ. ಎಷ್ಟೋ ಹಳ್ಳಿಗಳಿಗೆ ಇಲ್ಲಿ ಬಲೆ ಇಲ್ಲ. ಒಂದೇ ದಾರ. ಅದರ ಮೇಲೆ ಎಲ್ಲಿ ಮರ ಬಿದ್ದರೂ ಅದರ ಆಚೆಗಿನ ಊರುಗಳೆಲ್ಲ ಕತ್ತಲು.

ದೊಡ್ಡ ಊರುಗಳಲ್ಲಿ ಒಂದು ಕಡೆ ಲೈನು ಕೆಟ್ಟರೆ ಎಷ್ಟೋ ಕಡೆ ಇನ್ನೊಂದು ಕಡೆಯಿಂದ ಕರೆಂಟು ತಿರುಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಬೆಳಕು ಬರುತ್ತದೆ. ಹಳ್ಳಿಗೆ ಆ ಅನುಕೂಲ ಕಡಿಮೆ. ಮನೆ ಕಡಿಮೆ, ತಂತಿ ಉದ್ದ, ಖರ್ಚು ಹೆಚ್ಚು ಎಂದು ಹೇಳುತ್ತಾರೆ. ಲೆಕ್ಕ ಸರಿ ಇರಬಹುದು. ಆದರೆ ಹೆರಿಗೆ ನೋವು ಲೆಕ್ಕ ನೋಡಿಕೊಂಡು ಬರುವುದಿಲ್ಲ.

ಹಾಗಂತ ದೊಡ್ಡ ಬಲೆ ಎಂದೂ ಹರಿಯುವುದೇ ಇಲ್ಲ ಎಂದು ತಿಳಿಯಬೇಡಿ. ಹರಿದದ್ದುಂಟು.

2012ನೇ ಇಸವಿ ಜುಲೈ 30. ರಾತ್ರಿ 2 ಗಂಟೆ 33 ನಿಮಿಷ. ಉತ್ತರ ಭಾರತ ಪೂರ್ತಿ ಕತ್ತಲಾಯಿತು. ದೆಹಲಿ, ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ, ಎಲ್ಲ. ಸಂಜೆಯ ಹೊತ್ತಿಗೆ ಹೇಗೋ ಸರಿ ಮಾಡಿದರು. ಮಾರನೇ ದಿನ ಮಧ್ಯಾಹ್ನ 1 ಗಂಟೆಗೆ ಮತ್ತೆ ಹೋಯಿತು. ಈ ಸಲ ಉತ್ತರದ ಜೊತೆಗೆ ಬಿಹಾರ, ಬಂಗಾಳ, ಒಡಿಶಾ, ಅಸ್ಸಾಂ ಕಡೆಯೂ ಹೋಯಿತು. 60 ಕೋಟಿಗೂ ಹೆಚ್ಚು ಜನ ಇದ್ದ ಪ್ರದೇಶ ಅದು. ನೂರಾರು ರೈಲು ನಡುದಾರಿಯಲ್ಲಿ ನಿಂತವು. ಪಶ್ಚಿಮ ಬಂಗಾಳದಲ್ಲಿ ಇನ್ನೂರರಷ್ಟು ಗಣಿ ಕೆಲಸಗಾರರು ನೆಲದೊಳಗೆ ಸಿಕ್ಕಿಕೊಂಡರು. ಅವರನ್ನು ಮೇಲೆತ್ತುವ ಯಂತ್ರಕ್ಕೂ ಕರೆಂಟು ಬೇಕಿತ್ತು. ಕೊನೆಗೆ ಅವರು ಹೊರಬಂದರು.

ಯಾಕೆ ಹೀಗಾಯ್ತು? ಬೀಸುಕಲ್ಲು ನೆನಪು ಮಾಡಿಕೊಳ್ಳಿ.

ಇಬ್ಬರು ಎದುರುಬದುರು ಕೂತು ರಾಗಿ ಬೀಸುತ್ತಾರೆ. ಗೂಟಕ್ಕೆ ಇಬ್ಬರ ಕೈ. ಕಲ್ಲು ಒಂದೇ ವೇಗದಲ್ಲಿ ತಿರುಗುತ್ತದೆ. ಯಾರೋ ಬಂದು ಒಂದೇ ಸಲ ಬೊಗಸೆ ಬೊಗಸೆ ರಾಗಿ ಸುರಿದರೆ? ಕಲ್ಲು ನಿಧಾನವಾಗುತ್ತದೆ. ಇಬ್ಬರಲ್ಲಿ ಒಬ್ಬಳು ಎದ್ದು ಹೋದರೆ? ಭಾರವೆಲ್ಲ ಇನ್ನೊಬ್ಬಳ ಮೇಲೆ. ಅವಳೂ ಸೋತು ಕೈಬಿಡುತ್ತಾಳೆ. ಕಲ್ಲು ನಿಂತೇ ಹೋಗುತ್ತದೆ.

ಕರೆಂಟೂ ಹಾಗೆಯೇ. ಅದನ್ನು ಮಾಡುವ ಯಂತ್ರಗಳೆಲ್ಲ ಒಟ್ಟಿಗೆ, ಒಂದೇ ತಾಳಕ್ಕೆ ತಿರುಗಬೇಕು. ನಮ್ಮ ದೇಶದಲ್ಲಿ ಆ ತಾಳ ಸೆಕೆಂಡಿಗೆ 50. ದೇಶದಲ್ಲಿ ಎಷ್ಟು ಕರೆಂಟು ಉರಿಯುತ್ತದೋ ಅಷ್ಟೇ ಆ ಕ್ಷಣದಲ್ಲಿ ತಯಾರಾಗಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅದನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಕಚೇರಿ ಬೆಂಗಳೂರಿನಲ್ಲೂ ಇದೆ. ಅಲ್ಲಿನವರು ಕಣ್ಣು ಮಿಟುಕಿಸದೆ ಕೂತಿರುತ್ತಾರೆ.

2012ರಲ್ಲಿ ಉತ್ತರದ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಕರೆಂಟು ಎಳೆಯುತ್ತಿದ್ದವು. ಮಧ್ಯಪ್ರದೇಶದ ಬೀನಾ ಎಂಬ ಊರಿಂದ ಗ್ವಾಲಿಯರ್ ಕಡೆಗೆ ಹೋಗುವ ದೊಡ್ಡ ಲೈನಿನ ಮೇಲೆ ಭಾರ ಬಿದ್ದಿತ್ತು. ಅದರ ಜೊತೆಯ ಇನ್ನೊಂದು ಲೈನು? ಅದನ್ನು ದೊಡ್ಡದು ಮಾಡುವ ಕೆಲಸಕ್ಕೆ ಮುಚ್ಚಿದ್ದರು. ಎರಡನೆಯ ದಾರಿ ಇರಲಿಲ್ಲ. ಒಂದೇ ಲೈನು ಭಾರ ತಾಳದೆ ಕೈಬಿಟ್ಟಿತು. ಅದು ಬಿಟ್ಟ ಭಾರ ಬೇರೆ ಲೈನುಗಳ ಮೇಲೆ ಬಿತ್ತು. ಅವೂ ಒಂದರ ಹಿಂದೆ ಒಂದು ಕೈಬಿಟ್ಟವು. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿದಿತ್ತು.

ಮತ್ತೆ ಹೇಗೆ ಶುರು ಮಾಡಿದರು? ಇದು ನಮಗೆ ಬಹಳ ಹಿಡಿಸಿದ ಭಾಗ.

ಕಲ್ಲಿದ್ದಲಿನ ದೊಡ್ಡ ಕಾರ್ಖಾನೆ ಕರೆಂಟು ಮಾಡುತ್ತದೆ. ಆದರೆ ಆ ಕಾರ್ಖಾನೆ ಶುರುವಾಗಬೇಕಾದರೆ ಅದಕ್ಕೇ ಮೊದಲು ಕರೆಂಟು ಬೇಕು! ಕಲ್ಲಿದ್ದಲು ಪುಡಿ ಮಾಡಬೇಕು, ನೀರು ಎತ್ತಬೇಕು, ಗಾಳಿ ಊದಬೇಕು. ಎಲ್ಲ ಕಡೆ ಕರೆಂಟು ಹೋಗಿದ್ದರೆ ಎಲ್ಲಿಂದ ತರುವುದು?

ಅಜ್ಜಿಯರಿಗೆ ಗೊತ್ತಿರುತ್ತದೆ. ಮೊದಲೆಲ್ಲ ಬೆಂಕಿಪೊಟ್ಟಣಕ್ಕೂ ಕಾಸಿರಲಿಲ್ಲ. ಒಲೆ ಆರಿದರೆ ಬೆರಣಿ ತುಂಡು ಹಿಡಿದು ಪಕ್ಕದ ಮನೆಗೆ ಹೋಗಿ ಕೆಂಡ ತರುತ್ತಿದ್ದರು. ಕರೆಂಟಿಗೂ ಹಾಗೆಯೇ ಕೆಂಡ ತಂದರು. ನೀರಿನಿಂದ ಕರೆಂಟು ಮಾಡುವ ಕೇಂದ್ರಗಳು ಬೇಗ ಎದ್ದು ನಿಲ್ಲುತ್ತವೆ. ನೀರು ಬಿಟ್ಟರೆ ಚಕ್ರ ತಿರುಗುತ್ತದೆ. ಅವುಗಳಿಂದ ಕೆಂಡ. ಕರೆಂಟು ಉಳಿದಿದ್ದ ಪಶ್ಚಿಮದ ರಾಜ್ಯಗಳಿಂದ ಕೆಂಡ. ಪಕ್ಕದ ಭೂತಾನ್ ದೇಶದ ನೀರಿನ ಕರೆಂಟಿನಿಂದಲೂ ಕೆಂಡ. ಆ ಕೆಂಡದಿಂದ ಒಂದೊಂದೇ ಒಲೆ ಹಚ್ಚಿದರು.

ಆಗ ನಮ್ಮ ಕರ್ನಾಟಕಕ್ಕೆ ಏನಾಯಿತು? ಏನೂ ಆಗಲಿಲ್ಲ. ಆಗ ದಕ್ಷಿಣದ ರಾಜ್ಯಗಳ ಬಲೆ ಬೇರೆಯಾಗಿಯೇ ತಿರುಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಹಾಕಿದ ದೊಡ್ಡ ಲೈನು ಶುರುವಾಯಿತು. ಅಂದಿನಿಂದ ಇಡೀ ದೇಶ ಒಂದೇ ಬಲೆ, ಒಂದೇ ತಾಳ. ಇದು ಕೂಡು ಕುಟುಂಬ ಇದ್ದ ಹಾಗೆ. ನಮ್ಮಲ್ಲಿ ಮಳೆ ಕಡಿಮೆಯಾಗಿ ಲಿಂಗನಮಕ್ಕಿ ಬರಿದಾದರೆ ಹೊರಗಿನಿಂದ ಹೆಚ್ಚು ಕರೆಂಟು ತರಬಹುದು. ಒಬ್ಬರ ಕಣಜ ಬರಿದಾದರೂ ಮನೆಯವರಿಗೆ ಊಟ ಇರುತ್ತದೆ. ಆದರೆ ಕೂಡು ಕುಟುಂಬದಲ್ಲಿ ಜಗಳವಾದರೆ ಎಲ್ಲರ ಒಲೆಯೂ ಆರುತ್ತದೆ. ಅದಕ್ಕಾಗಿ ಕೆಲವು ಕಟ್ಟಳೆ ಮಾಡಿದ್ದಾರೆ. ತಾಳ ತಪ್ಪಿ ಕಲ್ಲು ನಿಧಾನವಾದರೆ ಕೆಲವು ಕಡೆಯ ಕರೆಂಟು ತಾನಾಗಿಯೇ ಕಡಿದುಹೋಗುತ್ತದೆ. ಸ್ವಲ್ಪ ರಾಗಿ ತೆಗೆದರೆ ಕಲ್ಲು ಮತ್ತೆ ತಿರುಗುತ್ತದೆ ಎಂಬ ಲೆಕ್ಕ.

ಇದು ಬುದ್ಧಿವಂತಿಕೆಯ ಕೆಲಸವೇ. ಆದರೆ ಕರೆಂಟು ಸಾಲದೇ ಬಂದಾಗ ಯಾವ ಊರಿನದು ಮೊದಲು ಕಡಿಯಬೇಕು ಅನ್ನುವುದನ್ನು ಮನುಷ್ಯರೇ ಬರೆದಿಡುತ್ತಾರೆ. ಪ್ರತಿ ಸಲವೂ ಹಳ್ಳಿಯದೇ ಯಾಕೆ ಎಂದು ಕೇಳುವ ಹಕ್ಕು ನಮಗೆ ಇದೆ ಎಂದೇ ನಾವು ತಿಳಿದಿದ್ದೇವೆ.

ಈಗ ಕಣಜದ ಮಾತು ಬಂತು. ಎರಡನೆಯ ದಾರಿ ಇಲ್ಲದ ಕಡೆ ಕೂಡಿಟ್ಟದ್ದಾದರೂ ಇರಬೇಕು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಸುಮಾರು 147 ಕಿಲೋಮೀಟರ್ ದೂರ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆದರೆ ಬೇಸಿಗೆಯಲ್ಲಿ ಹೊಳೆಯ ನೀರು ಇಳಿಯುತ್ತಿತ್ತು. ಕರೆಂಟು ಸಾಲುತ್ತಿರಲಿಲ್ಲ. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಇದೂ ಒಂದು ಕಾರಣ. ನಾವು ಕಟ್ಟೆ ಎಂದರೆ ಗದ್ದೆಗೆ ನೀರು ಎಂದಷ್ಟೇ ತಿಳಿಯುತ್ತೇವೆ. ಮಳೆಗಾಲದ ನೀರನ್ನು ಬೇಸಿಗೆಗೆ ಎತ್ತಿಡುವುದು ಎಂದರೆ ಬೇಸಿಗೆಯ ಕರೆಂಟನ್ನೂ ಎತ್ತಿಟ್ಟ ಹಾಗೆ.

ಇನ್ನೂ ಹತ್ತಿರದ ಉದಾಹರಣೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆ ಇಡುವ ಪೆಟ್ಟಿಗೆ ನೋಡಿದ್ದೀರಾ? ಮೇಲಿನಿಂದ ಬಾಗಿಲು ತೆಗೆಯುವ ಫ್ರಿಜ್. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಯಾದರೆ ಶಕ್ತಿ ಹೋಗುತ್ತದೆ. ಮನೆಯ ಫ್ರಿಜ್ ಆಗಿದ್ದರೆ ಕರೆಂಟು ಹೋದ ಕೆಲವು ಗಂಟೆಯಲ್ಲೇ ತಂಪು ಇಳಿಯುತ್ತದೆ. ಈ ಪೆಟ್ಟಿಗೆಯ ಗೋಡೆಯೊಳಗೇ ಸುತ್ತಲೂ ಮಂಜುಗಡ್ಡೆ ಇರುತ್ತದೆ. ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೂ ಸಾಕು, ಇಡೀ ದಿನ ತಂಪು ಕಾಯುತ್ತದೆ. ಕರೆಂಟು ಹೋಗುವುದು ಇದ್ದದ್ದೇ ಎಂದು ತಿಳಿದೇ ಮಾಡಿದ ಪೆಟ್ಟಿಗೆ ಅದು. ಇಂಥದ್ದನ್ನು ಮಾಡಿದವರಿಗೆ ಕೈ ಮುಗಿಯಬೇಕು.

ಈಗ ಫೋನಿನ ವಿಷಯ. ಚಾರ್ಜ್ ಇದ್ದರೂ ಫೋನು ಯಾಕೆ ಹೋಗಲಿಲ್ಲ?

ನಾವು ಮಾತಾಡಿದ್ದು ನೇರವಾಗಿ ಇನ್ನೊಂದು ಫೋನಿಗೆ ಹೋಗುವುದಿಲ್ಲ. ಮೊದಲು ಟವರಿಗೆ ಹೋಗುತ್ತದೆ. ಟವರಿಗೂ ಕರೆಂಟು ಬೇಕು. ಕರೆಂಟು ಹೋದರೆ ಅಲ್ಲಿ ಬ್ಯಾಟರಿ ಇರುತ್ತದೆ. ಅದು ಕೆಲವು ಗಂಟೆ ಬರುತ್ತದೆ. ಆಮೇಲೆ ಜನರೇಟರ್. ಜನರೇಟರಿಗೆ ಡೀಸೆಲ್ ಬೇಕು. ಡೀಸೆಲ್ ರಸ್ತೆಯ ಮೇಲೆ ಬರಬೇಕು. ರಸ್ತೆಯ ಮೇಲೆ ಮರ ಬಿದ್ದಿದೆ! ನೋಡಿದಿರಾ, ಎಲ್ಲ ಸುತ್ತಿಕೊಂಡು ಅದೇ ಮರಕ್ಕೆ ಬಂತು.

ಹಿಂದೆ ಮನೆಗಳಲ್ಲಿ ತಂತಿಯ ಫೋನು ಇರುತ್ತಿತ್ತು. ಊರಿಗೆ ಕರೆಂಟು ಇಲ್ಲದಿದ್ದರೂ ಅದು ಮಾತಾಡುತ್ತಿತ್ತು. ಅದಕ್ಕೆ ಬೇಕಾದ ಸ್ವಲ್ಪ ಕರೆಂಟು ಫೋನಿನ ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಹೊಸದು ಬಂದಾಗ ಹಳೆಯದನ್ನು ಬಿಡುತ್ತೇವೆ. ಹಳೆಯದರಲ್ಲಿ ಏನು ಒಳ್ಳೆಯದಿತ್ತು ಎಂದು ಯಾರು ನೋಡುತ್ತಾರೆ?

1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ದೊಡ್ಡ ಚಂಡಮಾರುತ ಬಂತು. ಸಮುದ್ರದ ನೀರು ಊರೊಳಗೆ ನುಗ್ಗಿತು. ಸುಮಾರು 10 ಸಾವಿರ ಜನ ಸತ್ತರು. ಕರೆಂಟು, ಫೋನು, ರಸ್ತೆ ಎಲ್ಲ ಹೋಗಿತ್ತು. ಯಾವ ಊರಿಗೆ ಏನಾಗಿದೆ ಎಂದು ಹೊರಗಿನವರಿಗೆ ತಿಳಿಯುವುದೇ ಕಷ್ಟವಾಯಿತು. ಆಗ ನೆರವಾದದ್ದು ಹ್ಯಾಮ್ ರೇಡಿಯೋ. ಒಂದು ಸಣ್ಣ ಪೆಟ್ಟಿಗೆ, ಒಂದು ತಂತಿ, ಒಂದು ಬ್ಯಾಟರಿ. ಸರ್ಕಾರದ ಪರವಾನಗಿ ಪಡೆದ ಜನ ಅದನ್ನು ಹವ್ಯಾಸಕ್ಕೆ ಕಲಿತಿರುತ್ತಾರೆ. ಟವರ್ ಬೇಡ, ಎಕ್ಸ್‌ಚೇಂಜ್ ಬೇಡ.

2004ರ ಡಿಸೆಂಬರ್ 26ರಂದು ಸುನಾಮಿ ಬಂತಲ್ಲ, ಆಗ ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು ಅಂಡಮಾನ್ ದ್ವೀಪದಲ್ಲಿದ್ದರು. ಹ್ಯಾಮ್ ರೇಡಿಯೋ ಕೆಲಸಕ್ಕೆಂದೇ ಅವರು ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಫೋನು ಸತ್ತ ಮೇಲೆ ಅವರ ರೇಡಿಯೋ ಮಾತಾಡಿತು. "ನಾವು ಬದುಕಿದ್ದೇವೆ" ಎಂಬ ಸುದ್ದಿಯನ್ನು ಎಷ್ಟೋ ಜನರ ಮನೆಗಳಿಗೆ ಮುಟ್ಟಿಸಿದರು. ಯಂತ್ರ ಹೆಂಗಸರಿಗಲ್ಲ ಎಂದು ಯಾರಾದರೂ ಹೇಳಿದರೆ ಈ ಹೆಸರು ಹೇಳಿ.

ಒಡಿಶಾದವರು 1999ರಿಂದ ಪಾಠ ಕಲಿತರು. 2019ರ ಮೇ 3ರಂದು ಫೋನಿ ಎಂಬ ಚಂಡಮಾರುತ ಬಂತು. ಅದು ಬರುವ ಮೊದಲೇ 10 ಲಕ್ಷಕ್ಕೂ ಹೆಚ್ಚು ಜನರನ್ನು ಗಟ್ಟಿ ಕಟ್ಟಡಗಳಿಗೆ ಸಾಗಿಸಿದ್ದರು. ಹೇಗೆ ತಿಳಿಸಿದರು? ಫೋನಿಗೆ ಲಕ್ಷಗಟ್ಟಲೆ ಮೆಸೇಜ್ ಕಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಟಿವಿಯಲ್ಲಿ ಹೇಳಿದರು. ಮೈಕಿನಲ್ಲಿ ಕೂಗಿದರು. ಕಡಲ ತೀರದಲ್ಲಿ ಸೈರನ್ ಹಾಕಿದರು. ಸ್ವಯಂಸೇವಕರು ಮನೆ ಬಾಗಿಲು ಬಡಿದು ಹೇಳಿದರು. ಒಂದು ದಾರಿ ತಪ್ಪಿದರೆ ಇನ್ನೊಂದು. ಆ ಸಲ ಒಡಿಶಾದಲ್ಲಿ ಸತ್ತವರು ನೂರಕ್ಕಿಂತ ಕಡಿಮೆ. ಎರಡೂ ಗಾಳಿ ಒಂದೇ ಬಲದ್ದಲ್ಲ, ನಿಜ. ಆದರೂ 10 ಸಾವಿರ ಎಲ್ಲಿ, ನೂರು ಎಲ್ಲಿ! ಕರೆಂಟು ಕಂಬಗಳು ಮಾತ್ರ ಆಗಲೂ ಲಕ್ಷಕ್ಕೂ ಹೆಚ್ಚು ಬಿದ್ದವು. ಕೆಲವು ಊರಿಗೆ ಕರೆಂಟು ಬರಲು ವಾರಗಳೇ ಬೇಕಾದವು. ಜನ ಉಳಿದಿದ್ದರು, ಅದು ಮುಖ್ಯ.

2023ರಲ್ಲಿ ಒಂದು ದಿನ ನಮ್ಮ ಫೋನುಗಳೆಲ್ಲ ಒಟ್ಟಿಗೆ ಜೋರಾಗಿ ಕೂಗಿಕೊಂಡವು. ನೆನಪಿದೆಯಾ? ಎಷ್ಟೋ ಜನ ಹೆದರಿ ಫೋನು ಎಸೆದರು. ಅದು ಇಂಥದ್ದೇ ಎಚ್ಚರಿಕೆಯ ಪರೀಕ್ಷೆ. ಮುಂದೆ ಹಾಗೆ ಕೂಗಿದರೆ ಫೋನು ಎಸೆಯಬೇಡಿ. ಪರದೆಯ ಮೇಲೆ ಬರೆದದ್ದನ್ನು ಓದಿ. ಈಗ ನಿಮಗೆ ಓದಲು ಬರುತ್ತದಲ್ಲ! ಪಕ್ಕದ ಮನೆಯ ಅಜ್ಜಿಗೂ ಓದಿ ಹೇಳಿ.

ನಮ್ಮ ಕೈಯಲ್ಲಿ ಆಗುವುದೂ ಇದೆ. ಎಲ್ಲಕ್ಕಿಂತ ಮೊದಲು ಬಿದ್ದ ತಂತಿ. ಆ ಎಮ್ಮೆಯನ್ನು ನೆನಪಿಡಿ.

ತಂತಿ ಬಿದ್ದರೆ ಅದು ಸತ್ತಿದೆ ಎಂದು ಎಂದೂ ತಿಳಿಯಬೇಡಿ. ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ತಂತಿಯಲ್ಲಿ ಇರಬಹುದು. ತಂತಿ ಬಿದ್ದ ನೆಲದಲ್ಲೂ, ಒದ್ದೆ ಮಣ್ಣಿನಲ್ಲೂ ಕರೆಂಟು ಹರಡುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿನಿಂದ ಹೊಕ್ಕು ಇನ್ನೊಂದು ಕಾಲಿನಿಂದ ಹೊರಡುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು. ಅದಕ್ಕೇ ದನ ಬೇಗ ಸಾಯುತ್ತದೆ. ನೀವು ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಉಜ್ಜುತ್ತಾ ಉಜ್ಜುತ್ತಾ ಹಿಂದೆ ಸರಿಯಿರಿ. ಮಕ್ಕಳನ್ನು, ದನಗಳನ್ನು ಆ ಕಡೆ ಬಿಡಬೇಡಿ. ಕೋಲಿನಿಂದ ಸರಿಸಲು ಯಾರನ್ನೂ ಬಿಡಬೇಡಿ. ಬಟ್ಟೆ ಒಣಗಿಸಲು ಕಬ್ಬಿಣದ ತಂತಿಯನ್ನು ಕರೆಂಟ್ ಕಂಬಕ್ಕೋ ಸರ್ವಿಸ್ ವೈರಿನ ಹತ್ತಿರಕ್ಕೋ ಕಟ್ಟಬೇಡಿ. ನೂಲಿನ ಹಗ್ಗ ಕಟ್ಟಿ.

ಟಿಸಿಯ ಫ್ಯೂಸ್ ಹೋದರೆ ಊರಿನ ಗಂಡಸರು ತಾವೇ ಹಾಕಲು ಹೋಗುತ್ತಾರೆ. "ನಾನು ಎಷ್ಟು ಸಲ ಹಾಕಿಲ್ಲ?" ಅಂತಾರೆ. ಬೇಡ ಎನ್ನಿ. ಸೆರಗು ಹಿಡಿದು ಬೇಡಿಕೊಳ್ಳುವುದಲ್ಲ, ಗಟ್ಟಿಯಾಗಿ ಹೇಳಿ. ಮನೆಯಲ್ಲಿ ಜನರೇಟರ್ ಇದ್ದವರು ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟು ಹಿಂದಕ್ಕೆ ಲೈನಿಗೆ ಹರಿಯುತ್ತದೆ. ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ.

ಗಾಳಿಮಳೆ ಬರುತ್ತದೆ ಎಂದು ಸುದ್ದಿ ಬಂದರೆ ಫೋನು, ಟಾರ್ಚು ಚಾರ್ಜ್ ಮಾಡಿಡಿ. ಕುಡಿಯುವ ನೀರು ತುಂಬಿಡಿ. ಊರಿಗೆ ಒಂದಾದರೂ ಸೆಲ್ ಹಾಕುವ ರೇಡಿಯೋ ಇರಲಿ. ಟವರ್ ಸತ್ತರೂ ದೂರದ ಆಕಾಶವಾಣಿ ಕೇಳಿಸುತ್ತದೆ. ಸಿಗ್ನಲ್ ಸ್ವಲ್ಪವೇ ಇದ್ದರೆ ಮಾತಾಡಲು ಹೆಣಗಬೇಡಿ, ಮೆಸೇಜ್ ಬರೆಯಿರಿ. ಮಾತು ಹೋಗದ ಕಡೆ ನಾಲ್ಕು ಅಕ್ಷರ ಹೋಗಬಹುದು. ತುಂಬು ಬಸುರಿ ಇದ್ದರೆ ಮಳೆ ಜೋರಾಗುವ ಮೊದಲೇ ಆಸ್ಪತ್ರೆಯ ಊರಿಗೆ ಹೋಗಿರುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಕರೆಂಟಿನ ದೂರಿಗೆ ನಂಬರ್ 1912. ಫೋನು ಮಾಡಿದಾಗ ಆರ್.ಆರ್. ನಂಬರ್ ಕೇಳುತ್ತಾರೆ. ಅದು ನಿಮ್ಮ ಕರೆಂಟ್ ಬಿಲ್ಲಿನ ಮೇಲೆ ಇರುತ್ತದೆ. ಈವತ್ತು ಮನೆಗೆ ಹೋಗಿ ಬಿಲ್ಲು ತೆಗೆದು ಹುಡುಕಿ. ಅಕ್ಷರ, ಅಂಕಿ ಎರಡೂ ಸೇರಿರುತ್ತದೆ. ಬಾಗಿಲ ಹಿಂದೆ ಬರೆದಿಡಿ. ದೂರು ಕೊಟ್ಟ ಮೇಲೆ ಅವರು ಒಂದು ದೂರಿನ ನಂಬರ್ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ. ಬರೆದುಕೊಂಡವರ ಹತ್ತಿರ ಮಾತಾಡುವಾಗ ಕಚೇರಿಯವರ ದನಿಯೇ ಬೇರೆ ಇರುತ್ತದೆ. ಇದು ನಮ್ಮ ಅನುಭವ.

ಆ ಗುಡ್ಡದ ಊರಿನವರು ಏನು ಮಾಡಿದರು?

ಕರೆಂಟು ಬಂದ ವಾರ ಸಂಘದ ಹೆಂಗಸರು ಸೇರಿದರು. ಎರಡನೇ ಕರೆಂಟ್ ಲೈನು ಕೇಳೋಣ ಎಂದು ಕೆಲವರು. ಅದು ನಾಳೆ ನಾಡಿದ್ದು ಆಗುವ ಕೆಲಸವಲ್ಲ ಎಂದು ಕೆಲವರು. ಒಬ್ಬ ಅಜ್ಜಿ ಹೇಳಿದಳು: "ಕತ್ತಲಲ್ಲಿ ಐದು ದಿನ ಇರ್ತೀನಿ. ನೀರಿಲ್ಲದೆ ಒಂದು ದಿನ ಇರಕ್ಕಾಗಲ್ಲ. ಮೊದಲು ಆ ಪಂಪು ಎಬ್ಬಿಸಿ." ಎಲ್ಲರೂ ಒಪ್ಪಿದರು.

ಪಂಚಾಯಿತಿಗೆ ಅರ್ಜಿ ಬರೆದರು. ಬರೆದವಳು ಒಂದು ವರ್ಷದ ಹಿಂದೆ ಅಕ್ಷರ ಕಲಿತವಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ನಾವು ತಿದ್ದಲು ಹೋದೆವು. "ಅರ್ಥ ಆಗುತ್ತಲ್ಲ, ಬಿಡಿ" ಎಂದಳು. ಸರಿ ಎಂದು ಬಿಟ್ಟೆವು. ಅರ್ಜಿಯಲ್ಲಿ ಎರಡೇ ಮಾತು. ಕೈಪಂಪು ರಿಪೇರಿ ಮಾಡಿಸಿ. ಲೈನಿನ ಮೇಲೆ ಬಾಗಿರುವ ಮರದ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲು ಕಡಿಸಲು ಕರೆಂಟ್ ಕಚೇರಿಗೆ ಬರೆಯಿರಿ.

ಮೊದಲ ಅರ್ಜಿ ಎಲ್ಲೋ ಕಳೆದುಹೋಯಿತು. ಎರಡನೆಯದನ್ನು ಎರಡು ಪ್ರತಿ ಮಾಡಿದರು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಎರಡು ತಿಂಗಳ ಮೇಲೆ ರಿಪೇರಿಯವನು ಬಂದ. ಪಂಪಿನ ತಲೆ ಬಿಚ್ಚಿದ. ಒಳಗಿನ ಸರಪಳಿ ತುಕ್ಕು ತಿಂದಿತ್ತು. ಬದಲಾಯಿಸಿದ. ಕೊಳವೆ ಎತ್ತಿ ಚರ್ಮದಂಥ ವಾಷರ್ ಹೊಸದು ಹಾಕಿದ. ಅರ್ಧ ಗಂಟೆ ಹೊಡೆದ ಮೇಲೆ ಕೆಂಪು ನೀರು ಬಂತು. ಇನ್ನೂ ಹೊಡೆದರು. ತಿಳಿನೀರು ಬಂತು. ನೀರನ್ನು ಪರೀಕ್ಷೆಗೂ ಕಳಿಸಿದರು.

ಎಲ್ಲ ಊರಿನಲ್ಲೂ ಹೀಗೆ ಆಗುವುದಿಲ್ಲ. ಬೋರಿನ ನೀರು ಬಹಳ ಆಳಕ್ಕೆ ಇಳಿದಿದ್ದರೆ ಕೈಪಂಪು ಎತ್ತುವುದಿಲ್ಲ. ಅಂಥ ಕಡೆ ಹಳೆಯ ಬಾವಿ ಇದ್ದರೆ ಹೂಳು ತೆಗೆಸಿ. ಅಥವಾ ಬಿಸಿಲಿನಿಂದ ನಡೆಯುವ ಮೋಟಾರು ಹಾಕಿಸಲು ಗ್ರಾಮಸಭೆಯಲ್ಲಿ ಕೇಳಿ.

ಆ ಊರಿನ ಹೆಂಗಸರು ಈಗ ಪ್ರತಿ ಶನಿವಾರ ಸರದಿಯಲ್ಲಿ ಕೈಪಂಪು ಹೊಡೆದು ನೋಡುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತಿದ್ದರೂ ಹೊಡೆಯುತ್ತಾರೆ. ಯಾರ ಸರದಿ ಎಂದು ಹಾಲಿನ ಡೇರಿಯ ಗೋಡೆಯ ಮೇಲೆ ಬರೆದಿದ್ದಾರೆ. ಅದರ ಕೆಳಗೆ 1912, 108, 112 ಎಂದು ದೊಡ್ಡದಾಗಿ ಬರೆದಿದ್ದಾರೆ. ಹೋದ ತಿಂಗಳು ನಾವು ಹೋದಾಗ ಎಮ್ಮೆ ಕಳೆದುಕೊಂಡ ಆ ಹೆಂಗಸಿನ ಸರದಿ. ಸರಪಳಿಗೆ ಗ್ರೀಸ್ ಹಚ್ಚುತ್ತಿದ್ದಳು. ಕೈಯೆಲ್ಲ ಕಪ್ಪಾಗಿತ್ತು. ನಮ್ಮನ್ನು ನೋಡಿ, "ಸುಮ್ನೆ ನಿಂತಿರೋದ್ಯಾಕೆ? ಬನ್ನಿ, ನೀವೂ ಒಂದು ಕೊಡ ಹೊಡೀರಿ" ಅಂದಳು. ಹೊಡೆದೆವು.